ಬೂಷ್ಟಿನ ಮೇಲೊಂದು ಆಮೆ

ಮಳೆಗಾಲ ಮುಗಿದ ಮೇಲೆ ನಿಮ್ಮ ಮನೆಯಲ್ಲೂ ಇದೇ ಗತಿ ಇರಬೇಕು. ಬಾಗಿಲ ಹಿಂದೆ ಗೂಟಕ್ಕೆ ತೂಗುಹಾಕಿದ ನನ್ನ ಚರ್ಮದ ಬೆಲ್ಟು ಈ ಸಲವೂ ಮುದುಕನ ಗಡ್ಡದ ಹಾಗೆ ಬೆಳ್ಳಗಾಗಿತ್ತು. ಹೆಂಡತಿ ಹಳೇ ಬನಿಯನ್ನಿನ ಚೂರೊಂದನ್ನು ನನ್ನ ಕೈಗೆ ಕೊಟ್ಟು, "ಒರಸಿ ಬಿಸಲಿಗೆ ಇಡ್ರಿ" ಎಂದಳು. ನಾನು ಬಟ್ಟೆ ಪಕ್ಕಕ್ಕಿಟ್ಟು ಮೊದಲು ಕನ್ನಡಕ ಹುಡುಕತೊಡಗಿದೆ. "ಬೂಷ್ಟು ಒರಸಲಿಕ್ಕೂ ಚಾಳೀಸ ಬೇಕೇನು ನಿಮಗ?" ಎಂದು ಅವಳು ನಕ್ಕಳು. ಪ್ರತಿ ವರ್ಷವೂ ನಗುತ್ತಾಳೆ. ನಾನೂ ಪ್ರತಿ ವರ್ಷ ಬೆಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಅದರ ಮೇಲೆ ಯಾರೂ ಏನೂ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒರೆಸುತ್ತೇನೆ.

ಬೆಲ್ಟಿನ ಮೇಲಿನ ಬೂಷ್ಟಿನಲ್ಲಿ ಯಾರು ಏನು ಬರೆದಾರು ಎಂದು ನೀವು ಕೇಳಬಹುದು. ಯಾರೂ ಬರೆಯುವುದಿಲ್ಲ. ಆದರೆ ಈ ಚಾಳಿ ನನಗೆ ಮುಂಬಯಿಯ ಮುಲುಂಡಿನಲ್ಲಿ ಅಂಟಿಕೊಂಡದ್ದು, ನಮ್ಮ ಕಾಕಾನ ಕಾರಿನಿಂದ.

ಇದು ಐವತ್ತರ ದಶಕದ ಮಾತು. ಧಾರವಾಡದಲ್ಲಿ ಓದು ಮುಗಿಸಿ, ಎಂಟು ದಿವಸ ಇದ್ದು ನೌಕರಿ ಹಿಡಿದು ಬೇರೆ ಖೋಲಿ ನೋಡಿಕೊಳ್ಳುತ್ತೇನೆ ಎಂದು ಟ್ರಂಕು ಹೊತ್ತು ಮುಲುಂಡಿಗೆ ಬಂದ ನಾನು, ಮದುವೆಯಾಗುವ ತನಕ ಅಲ್ಲಿಂದ ಕದಲಲಿಲ್ಲ. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಮಕ್ಕಳಿರಲಿಲ್ಲ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಸಾಲುಮನೆಗಳ ಚಾಳಿನ ಕೆಳಗಿನ ಅಂತಸ್ತಿನಲ್ಲಿ ಅವರಿಗೆ ಎರಡು ಖೋಲಿಗಳು. ಮುಂದೆ ಎಲ್ಲರೂ ಓಡಾಡುವ ಗ್ಯಾಲರಿ, ಹಿಂದೆ ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ಪತ್ರಾಸ್ ತಗಡಿನ ಶೆಡ್ಡು. ಕಾಕಾ ಚಾಳಿನ ಮಾಲೀಕನಿಗೆ ದುಂಬಾಲು ಬಿದ್ದು ಆ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದರು. ಅದರಲ್ಲಿ ಕಾರು ನಿಲ್ಲುತ್ತಿತ್ತು. ಅಡುಗೆಯ ಸಿಗಡಿ ಒಲೆಗೆ ಬೇಕಾದ ಇದ್ದಲಿಯ ಚೀಲವೂ ಅಲ್ಲೇ.

ಎರಡು ಖೋಲಿ ಎಂದೆನಲ್ಲ, ಅದರಲ್ಲಿ ಯಾವಾಗಲೂ ಹತ್ತು ಜನ. ಮುಂಬಯಿಯಲ್ಲಿ ನಮ್ಮವರದೊಂದು ಮನೆಯಿದೆ ಎಂದು ಗೊತ್ತಾದರೆ ಸಾಕು, ನಮ್ಮ ಕಡೆಯ ಜನ ಧರ್ಮಶಾಲೆ ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. ಕಣ್ಣಿನ ಆಪರೇಶನ್ನಿಗೆ ಬಂದವರು, ಇಂಟರ್‌ವ್ಯೂಗೆ ಬಂದವರು, ಇಂಟರ್‌ವ್ಯೂಗೆ ಬಂದವನಿಗೆ ಜೊತೆಯಾಗಿ ಬಂದವರು, ಸಮುದ್ರ ಹೇಗಿರುತ್ತದೋ ನೋಡಿ ಹೋಗೋಣ ಎಂದು ಬಂದು ಕಾಕಾನ ಹೆಂಡತಿ ಕಾಕು ಮಾಡುವ ಜುಣಕದ ರುಚಿಯಲ್ಲಿ ಸಮುದ್ರವನ್ನೇ ಮರೆತವರು. ಕಾಕಾ ಯಾರಿಗೂ ಇಲ್ಲವೆಂದವರಲ್ಲ. "ಊರಿನವರು ಅಂದರ ನಮ್ಮವರು. ಬ್ಯಾಡ ಅನ್ನಲಿಕ್ಕೆ ಬಾಯಿ ಹ್ಯಾಂಗ ಬರತದ?" ಎನ್ನುತ್ತಿದ್ದರು. ಅವರಿಗೆ ಬಾಯಿ ಬರುತ್ತಿರಲಿಲ್ಲ, ಕಾಕುವಿಗೆ ಕೈ ಬಿಡುವಾಗುತ್ತಿರಲಿಲ್ಲ. ಕಾಕು ಕೂತದ್ದನ್ನು ನಾನು ಆ ಮನೆಯಲ್ಲಿ ನೋಡಿದ ನೆನಪಿಲ್ಲ. ಆಗ ಅದೇನೂ ವಿಚಿತ್ರವೆಂದು ಅನ್ನಿಸಿರಲೂ ಇಲ್ಲ.

ಕಾಕುವನ್ನು ನಾನು ಅವಳ ಮದುವೆಗೆ ಮೊದಲೇ ಬಲ್ಲೆ. ಧಾರವಾಡದ ನಮ್ಮ ಓಣಿಯಲ್ಲಿ ಅವಳ ತವರುಮನೆ ನಮ್ಮ ಮನೆಗೆ ಎದುರು. ಆಗ ಅವಳು ಇಂದಕ್ಕ. ಅವರ ಮನೆಯ ಮುಂದಿನ ಅಂಗಳ ದೊಡ್ಡದು. ಬೆಳಿಗ್ಗೆ ಸೆಗಣಿ ಸಾರಿಸಿ ಇಂದಕ್ಕ ರಂಗೋಲಿ ಹಾಕಲು ಕೂತರೆ ನಮಗೆ ಸಾಲಿಗೆ ಹೋಗುವ ಹಾದಿಯೇ ಬಂದ್. ಸುತ್ತಲೂ ಕಮಲ, ನಟ್ಟನಡುವೆ ಒಂದು ಆಮೆ. ಆ ಆಮೆಯ ಬಾಲ ಯಾವಾಗಲೂ ಎಡಕ್ಕೆ ಡೊಂಕು. "ಇಂದಕ್ಕಾ, ನಿನ್ನ ಆಮಿಗೆ ಯಾರ ಹೊಡದಾರ?" ಎಂದು ನಾವು ಕಾಡಿಸುತ್ತ ಅದರ ಮೇಲಿಂದ ಜಿಗಿದು ಓಡುತ್ತಿದ್ದೆವು. ಒಮ್ಮೆ ನಾನು ಜಿಗಿತ ತಪ್ಪಿ ಆಮೆಯ ಬೆನ್ನ ಮೇಲೆಯೇ ಬಿದ್ದೆ. ಇಂದಕ್ಕ ಬೈಯಲಿಲ್ಲ. ನನ್ನ ಚಡ್ಡಿಗೆ ಅಂಟಿದ ಪುಡಿಯನ್ನು ಕೊಡವಿ ಕಳಿಸಿ, ಮತ್ತೆ ಮೊದಲಿನಿಂದ ಚುಕ್ಕಿ ಇಡತೊಡಗಿದಳು. ಮುಲುಂಡಿಗೆ ಬಂದ ಮೇಲೆ ಅವಳ ರಂಗೋಲಿ ಅಂಗೈಯಷ್ಟಾಯಿತು. ಗ್ಯಾಲರಿಯಲ್ಲಿ ಅದಕ್ಕಿಂತ ದೊಡ್ಡದು ಹಾಕಿದರೆ ಹಾಲಿನವನು ಬರುವಷ್ಟರಲ್ಲಿ ಯಾರದೋ ಬೂಟಿಗೆ ಅಂಟಿ ಸ್ಟೇಷನ್ನಿಗೆ ಹೋಗಿರುತ್ತಿತ್ತು.

ಕಾರಿನ ಮಾತಿಗೆ ಬರುತ್ತೇನೆ. ಅದು ಮಹಾಯುದ್ಧಕ್ಕೂ ಮೊದಲಿನ ಗಾಡಿ. ಕಪ್ಪು ಬಣ್ಣ, ಪಕ್ಕದಲ್ಲಿ ಮೆಟ್ಟಿಲಿನಂಥ ಪಟ್ಟಿ, ಕಂದು ಚರ್ಮದ ಸೀಟುಗಳು, ಮೇಲೆ ಒಳಗಡೆಗೆ ಬೂದು ಬಟ್ಟೆಯ ಹೊದಿಕೆ. ಘಾಟ್ಕೋಪರಿನ ಒಬ್ಬ ಡಾಕ್ಟರರದು. ಅವರು ತೀರಿಕೊಂಡ ಮೇಲೆ ಅವರ ಮನೆಯವರು ಬಂದಷ್ಟಕ್ಕೆ ಕೊಟ್ಟುಬಿಟ್ಟಿದ್ದರು. ಡಾಕ್ಟರರು ಡ್ರೈವರನ್ನು ಇಟ್ಟುಕೊಂಡು ತಾವು ಹಿಂದಿನ ಸೀಟಿನಲ್ಲಿ ಎಡಕ್ಕೆ ಕೂಡುತ್ತಿದ್ದರಂತೆ, ಎದೆನೋವು ಬಂದದ್ದೂ ಅಲ್ಲೇ ಕೂತಾಗಂತೆ. ಈ ವಿವರವನ್ನು ಮಾರಿದವರು ಗಾಡಿ ಮನೆಗೆ ಬಂದ ಮೇಲೆ ಹೇಳಿದರು. ಕಾಕಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಗಾಡಿ ಅವರಿಗೆ ಜೀವ. ಓಡಿದ್ದಕ್ಕಿಂತ ನಾವು ನೂಕಿದ್ದೇ ಹೆಚ್ಚಾದರೂ, ಚಾಳಿನಲ್ಲಿ ಕಾರಿದ್ದವರು ಅವರೊಬ್ಬರೇ.

ಮಳೆಗಾಲ ಬಂತು. ನಮ್ಮ ಕಡೆ ಮಿರಗದ, ಅಂದರೆ ಮೃಗಶಿರೆಯ, ಮಳೆ ಶುರುವಾಗುವ ಮೊದಲು ಚಪ್ಪಲಿಗಳಿಗೆ ಹರಳೆಣ್ಣೆ ಕುಡಿಸುವ ಪದ್ಧತಿ. ನಮ್ಮಜ್ಜ ಮನೆಮಂದಿಯ ಚಪ್ಪಲಿಗಳನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಬೆರಳಿನಿಂದ ಎಣ್ಣೆ ತಿಕ್ಕುತ್ತ ಇಡೀ ಮಧ್ಯಾಹ್ನ ಕಳೆಯುತ್ತಿದ್ದರು. ಎಣ್ಣೆ ಕುಡಿದ ಚರ್ಮಕ್ಕೆ ನೀರು ಹತ್ತುವುದಿಲ್ಲ ಎಂದು ಅವರ ನಂಬಿಕೆ. ಕಾಕಾ ಅದೇ ಅಜ್ಜನ ಮಗ. ಕಾರಿನ ಸೀಟುಗಳೂ ಚರ್ಮದವೇ ತಾನೆ? ಒಂದು ಭಾನುವಾರ ಅವರು ಧೋತರ ಮೇಲೆ ಕಟ್ಟಿ, ಸೀಟುಗಳಿಗೆಲ್ಲ ಗಸಗಸನೆ ಹರಳೆಣ್ಣೆ ತಿಕ್ಕಿದರು. ಬಳಿಕ ತಂಪು ಒಳಗೆ ಹೋಗಬಾರದೆಂದು ಗಾಜುಗಳನ್ನು ಭದ್ರವಾಗಿ ಏರಿಸಿ, ಬಾಗಿಲು ಹಾಕಿ, "ಇನ್ನ ಗಣಪತಿ ಹಬ್ಬಕ್ಕ ತಗಿಯೋಣ" ಎಂದರು. ಧಾರವಾಡದ ಚಪ್ಪಲಿಗೂ ಮುಂಬಯಿಯ ಮಳೆಗೂ ಸಂಬಂಧವಿಲ್ಲವೆಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಹಬ್ಬದ ಹಿಂದಿನ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಕಾಕಾ, ನಾನು, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡಿದ್ದ ಗದಗಿನ ಅಜ್ಜ ಒಬ್ಬರು, ಮೂವರೂ ಶೆಡ್ಡಿಗೆ ಹೋದೆವು. ಕಾಕಾ ಕಾರಿನ ಹಿಂದಿನ ಬಾಗಿಲು ಎಳೆದರು. ಒಳಗಿನಿಂದ ಹುಳಿಹುಳಿಯಾದ, ಬೆಚ್ಚಗಿನ ಗಾಳಿ ಮುಖಕ್ಕೆ ಬಂತು. ಮುಚ್ಚಿಟ್ಟ ಗಾಡಿಯಿಂದ ತಣ್ಣನೆ ಗಾಳಿ ಬರಬೇಕಲ್ಲವೇ, ಬೆಚ್ಚಗೆ ಯಾಕೆ ಎಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತು. ಸೀಟು, ಬಾಗಿಲ ಒಳಮೈ, ಸ್ಟೀರಿಂಗು, ಮೇಲಿನ ಬಟ್ಟೆ, ಎಲ್ಲದರ ಮೇಲೂ ಬೆರಳು ಹುಗಿಯುವಷ್ಟು ಬೂಷ್ಟು. ಬಿಳಿ, ಅಲ್ಲಲ್ಲಿ ಹಸಿರು, ಮೂಲೆಗಳಲ್ಲಿ ಕಪ್ಪು ಚುಕ್ಕೆ.

ಹಿಂದಿನ ಸೀಟಿನಲ್ಲಿ ಎಡಕ್ಕೆ ಮಾತ್ರ ಬೂಷ್ಟಿರಲಿಲ್ಲ. ಬೆನ್ನು ಒರಗುವಲ್ಲಿ ಒಂದು ಬೆನ್ನಿನಷ್ಟು, ತಲೆ ಆನಿಸುವಲ್ಲಿ ಒಂದು ತಲೆಯಷ್ಟು, ಕೂಡುವಲ್ಲಿ ಎರಡು ತೊಡೆಗಳಷ್ಟು ಜಾಗದಲ್ಲಿ ಕಂದು ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಮಳೆಗಾಲವೆಲ್ಲ ಯಾರೋ ಅಲ್ಲಿ ಕೂತಿದ್ದು, ನಾವು ಬಾಗಿಲು ತೆಗೆಯುವಾಗ ಎದ್ದು ಹೋದಂತೆ ಕಂಡಿತು. ಒಂದೇ ಕಣ್ಣಿನಿಂದ ನೋಡುತ್ತಿದ್ದ ಗದಗಿನ ಅಜ್ಜ, "ಯಾರೋ ಕೂತಾರಲ್ಲೋ" ಎಂದರು.

ಅಷ್ಟರಲ್ಲಿ ಪಕ್ಕದ ಖೋಲಿಯ ಸಾವಂತ ಮಾವಶಿ ಬಗ್ಗಿ ನೋಡಿದಳು. ಚಾಳಿನ ಸಾವು ನೋವುಗಳ ಸಂಪೂರ್ಣ ಮಾಹಿತಿ ಅವಳಲ್ಲಿರುತ್ತಿತ್ತು. "ತೋ ಅಜೂನ್ ಗೇಲಾ ನಾಹೀ" ಎಂದಳು, ಅವನಿನ್ನೂ ಹೋಗಿಲ್ಲ ಎಂದು. ಯಾರು ಎಂದು ನಾವು ಕೇಳಲಿಲ್ಲ. ಡಾಕ್ಟರರ ಕಥೆ ಚಾಳಿಗೆಲ್ಲ ಗೊತ್ತಿತ್ತು.

ಮುಂದಿನ ಸೀಟಿನ ಬೆನ್ನು, ಅಂದರೆ ಹಿಂದೆ ಕೂತವರ ಮುಖಕ್ಕೆ ಎದುರಾಗುವ ಅಗಲವಾದ ಚರ್ಮ, ಅದರ ಮೇಲಿನ ಬೂಷ್ಟಿನಲ್ಲಿ ಏನೇನೋ ಗೆರೆಗಳಿದ್ದವು. "ಬಸವನಹುಳ ಹರದಾಡ್ಯಾವ. ಒರಸು" ಎಂದರು ಕಾಕಾ. ಧೈರ್ಯ ತೋರಿಸುವ ಉಮೇದಿನಲ್ಲಿ ನಾನು ಕಣ್ಣು ಮುಚ್ಚಿಕೊಂಡು ಒರೆಸಿಬಿಟ್ಟೆ. ಇದ್ದಲಿ ಬುಟ್ಟಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಕಾಕು, "ಎಲ್ಲಾ ಒರಸಬೇಕೇನು? ಮತ್ತ ಬರತದ ಅದು" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಕಾರಿನ ಬೂಷ್ಟು ತೆಗೆಯುವುದು ಹೇಗೆಂದು ನನ್ನನ್ನು ಕೇಳಿ. ಗಾಡಿಯನ್ನು ಬಿಸಿಲಿಗೆ ನೂಕಬೇಕು, ನಾಲ್ಕೂ ಬಾಗಿಲು ತೆರೆದಿಡಬೇಕು, ಮೂಗಿಗೆ ಒದ್ದೆ ಪಂಚೆ ಕಟ್ಟಿಕೊಳ್ಳಬೇಕು. ಕಾಲಡಿಯ ಜಮಖಾನೆ ಕಿತ್ತು ತಂತಿಯ ಮೇಲೆ ಹಾಕಿ ಬಡಿಯಬೇಕು. ಒಣ ಬೂಷ್ಟನ್ನು ಮೊದಲು ಬ್ರಶ್ಶಿನಿಂದ ಹೊರಕ್ಕೆ ಗುಡಿಸಬೇಕು. ಇದಕ್ಕೆ ನನ್ನ ದಾಡಿಯ ಬ್ರಶ್ಶು ಬಲಿಯಾಯಿತು. ಆಮೇಲೆ ನೀರು ಬೆರೆಸಿದ ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ಬಟ್ಟೆ ಅದ್ದಿ, ಹಿಂಡಿ, ಹೊಲಿಗೆಗಳ ಸಂದಿನಲ್ಲೆಲ್ಲ ಒರೆಸಿ, ಒಣಬಟ್ಟೆಯಿಂದ ತಿಕ್ಕಿ, ಮತ್ತೆ ಬಿಸಿಲಿಗೆ ಬಿಡಬೇಕು. ಮೇಲಿನ ಬಟ್ಟೆಯ ಕಪ್ಪು ಕಲೆಯನ್ನು ಸ್ಪಿರಿಟ್ಟಿನಿಂದ ಒತ್ತಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಇಷ್ಟೂ ಮಾಡಿದೆವು. ಎರಡು ದಿನ ನಮ್ಮ ಮೈಯೆಲ್ಲ ಉಪ್ಪಿನಕಾಯಿಯ ವಾಸನೆ. ಕೊನೆಗೆ ಕಾಕಾ ಹರಳೆಣ್ಣೆಯ ಬಾಟಲಿ ತಂದು ಸೀಟುಗಳಿಗೆ ಮತ್ತೆ ಚೆನ್ನಾಗಿ ತಿಕ್ಕಿದರು. ಗಾಜು ಏರಿಸಿ ಬಾಗಿಲು ಹಾಕಿದರು.

ಗಣಪತಿಯನ್ನು ಕಳಿಸಿದ್ದೇ ತಡ, ಮಳೆ ಮತ್ತೆ ಹಿಡಿಯಿತು. ಪಿತೃಪಕ್ಷವೆಲ್ಲ ಮೋಡ. ಆ ದಿನಗಳಲ್ಲಿ ಹಿತ್ತಲ ಕಡೆ ಹೋಗಬೇಕಾದರೆ ನಾನು ಶೆಡ್ಡಿನತ್ತ ನೋಡದೆ ಹೋಗುತ್ತಿದ್ದೆ. ಹಗಲು ಹೊತ್ತೇ ಹೆದರಿಕೆ. ಇಂಗ್ಲಿಷ್ ಓದಿದವನು ನಾನು, ಆಫೀಸಿನಲ್ಲಿ ದೆವ್ವಗಿವ್ವ ಸುಳ್ಳೆಂದು ವಾದಿಸುತ್ತಿದ್ದವನು, ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ಗದಗಿನ ಅಜ್ಜನನ್ನು ಜೊತೆಗೆ ಕರೆಯುತ್ತಿದ್ದೆ.

ನವರಾತ್ರಿ ಕೂತ ಮೇಲೆ ಕಾಕಾ ಮತ್ತೆ ಕಾರು ತೆರೆದರು. ಖಂಡೇನವಮಿಗೆ ನಮ್ಮಲ್ಲಿ ಆಯುಧ, ಯಂತ್ರ, ವಾಹನಗಳಿಗೆಲ್ಲ ಪೂಜೆ. ಅದಕ್ಕೆ ಗಾಡಿ ಚೊಕ್ಕಟವಾಗಿರಬೇಕು. ಬಾಗಿಲು ತೆರೆದರೆ ಅದೇ ಬೆಚ್ಚಗಿನ ಉಸಿರು, ಅದೇ ಬೂಷ್ಟು, ಎಡಕ್ಕೆ ಅದೇ ಬೆನ್ನು, ಅದೇ ತಲೆ. ಈ ಸಲ ಶೆಡ್ಡಿನ ಬಾಗಿಲಿನಿಂದ ಓರೆಯಾಗಿ ಬೆಳಕು ಬೀಳುತ್ತಿತ್ತು. ಮುಂದಿನ ಸೀಟಿನ ಬೆನ್ನಿನ ಮೇಲೆ ಹರಿದಾಡಿದ ಗೆರೆಗಳು ಸ್ಪಷ್ಟವಾಗಿ ಕಂಡವು. ಸುತ್ತ ಕಮಲಗಳಿದ್ದವು. ನಡುವೆ ಒಂದು ಆಮೆ. ಅದರ ಬಾಲ ಎಡಕ್ಕೆ ಡೊಂಕಾಗಿತ್ತು.

ನನ್ನ ಬುದ್ಧಿಯನ್ನು ನೋಡಿ. ಘಾಟ್ಕೋಪರಿನ ಡಾಕ್ಟರನ ದೆವ್ವಕ್ಕೆ ಧಾರವಾಡದ ನಮ್ಮ ಓಣಿಯ ಆಮೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದೆನೇ ಹೊರತು ಬೇರೇನೂ ನನಗೆ ಹೊಳೆಯಲಿಲ್ಲ. ಅದು ನನ್ನ ಚಿಕ್ಕಂದಿನಿಂದಲೇ ನನ್ನ ಬೆನ್ನು ಹತ್ತಿ ಬಂದ ಏನೋ ಇರಬೇಕು, ಅಂದು ಅದರ ಬೆನ್ನ ಮೇಲೆ ಬಿದ್ದದ್ದಕ್ಕೆ ಈಗ ಬಂದಿದೆ ಎಂದುಕೊಂಡು ಅಲ್ಲೇ ಇದ್ದಲಿ ಚೀಲದ ಮೇಲೆ ಕುಸಿದೆ. ಪ್ಯಾಂಟಿನ ಹಿಂಭಾಗ ಕಪ್ಪಾದದ್ದನ್ನು ನೋಡಿ ಮರುದಿನ ಆಫೀಸಿನಲ್ಲಿ ಎಲ್ಲರೂ ನಕ್ಕರು.

ಕಾಕಾ ಗೆರೆಗಳನ್ನು ನೋಡಲೇ ಇಲ್ಲ. ಅವರ ಕಣ್ಣು ಎಡಗಡೆಯ ಸೀಟಿನ ಮೇಲೆಯೇ ಇತ್ತು. ಬಾಗಿಲು ಹಾಕಿ, "ಮಾರಿಬಿಡೋಣ" ಎಂದರು. ಅಂದು ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿದರು: "ನನಗೇನ ಅದರ ಹೆದರಿಕಿಲ್ಲ. ಆದರ ದೆವ್ವದ ಮನಿ ಅಂತ ಊರಾಗ ಹಬ್ಬಿದರ ನಮ್ಮನಿಗೆ ಯಾರ ಬರತಾರ? ಕುರ್ಲಾದ ಗುಜರಿ ಭಂಗಾರದಾಂವಗ ಹೇಳೇನಿ. ನವಮಿ ದಿವಸ ಪೂಜಿ ಮಾಡಿ ಕಳಸಿಬಿಡೋಣ." ಮಂದಿಗಾಗಿ ಅವರು ತಮ್ಮ ಜೀವದಂಥ ಗಾಡಿಯನ್ನೇ ಬಿಡಲು ತಯಾರಾಗಿದ್ದರು. ಪಂಕ್ತಿಯಲ್ಲಿದ್ದವರೆಲ್ಲ ಅದೇ ಸರಿ ಎಂದರು. ಸಾರು ಬಡಿಸುತ್ತಿದ್ದ ಕಾಕುವಿನ ಸೌಟು ನನ್ನ ತಾಟಿನ ಮೇಲೆ ನಿಂತೇ ಹೋಯಿತು. "ಕಾಕು, ಸಾರು" ಎಂದೆ. ಅವಳು ಬಡಿಸಿ ಮುಂದೆ ಹೋದಳು.

ಅದಾಗಿ ಒಂದೆರಡು ದಿನಕ್ಕೆ ದೊಡ್ಡ ಮಳೆ ಬಂದು ಕುರ್ಲಾದ ಹತ್ತಿರ ಹಳಿಗಳ ಮೇಲೆ ನೀರು ನಿಂತಿತು. ನಾನು ಆಫೀಸಿಗೆ ಹೊರಟಿದ್ದ ಲೋಕಲ್ ಘಾಟ್ಕೋಪರಿನಲ್ಲೇ ನಿಂತುಬಿಟ್ಟಿತು. ನಾನು ಹೇಗೋ ಬೇರೆ ಗಾಡಿ ಹಿಡಿದು ಹಿಂದಕ್ಕೆ ಬಂದು ಮಧ್ಯಾಹ್ನಕ್ಕೆ ಮನೆ ಸೇರಿದೆ. ತೊಯ್ದು ತೊಪ್ಪೆಯಾಗಿದ್ದೆ, ಚಹಾ ಬೇಕಿತ್ತು. ಎರಡೂ ಖೋಲಿಗಳಲ್ಲಿ ಬಂದವರು ಊಟ ಮಾಡಿ ಅಡ್ಡಡ್ಡ ಮಲಗಿದ್ದರು. ಅಡುಗೆಯ ಮೂಲೆಯಲ್ಲಿ ಯಾರೂ ಇರಲಿಲ್ಲ. "ಕಾಕು ಎಲ್ಲೆ?" ಎಂದು ಗದಗಿನ ಅಜ್ಜನನ್ನು ಕೇಳಿದೆ. "ಇಲ್ಲೇ ಇದ್ದಳಲ್ಲ" ಎಂದು ಅವರು ಮಗ್ಗಲು ಬದಲಿಸಿದರು. ಮತ್ತೊಬ್ಬನನ್ನು ಕೇಳಿದೆ. "ಇಲ್ಲೇ ಇರಬೇಕು." ದಿನಾಲೂ ಮಧ್ಯಾಹ್ನ ಆ ಹೊತ್ತಿಗೆ ಅವಳು ಎಲ್ಲಿರುತ್ತಾಳೆ ಎಂದು ಅಷ್ಟು ಮಂದಿಯಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಸಿಗಡಿ ಹಚ್ಚೋಣವೆಂದರೆ ಇದ್ದಲಿ ಇರಲಿಲ್ಲ. ಇದ್ದಲಿ ಶೆಡ್ಡಿನಲ್ಲಿ. ಹೆದರಿಕೆಗಿಂತ ಚಹಾದ ಚಟ ದೊಡ್ಡದೆಂದು ನನಗೆ ಅಂದು ತಿಳಿಯಿತು. ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಅಂಗಳ ದಾಟಿದೆ. ಶೆಡ್ಡಿನ ಬಾಗಿಲು ಮುಂದಕ್ಕೆ ಮಾಡಿತ್ತು, ಕೀಲಿ ಇರಲಿಲ್ಲ. ಒಳಗೆ ಮಬ್ಬು. ಪತ್ರಾಸಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ನನ್ನ ಕೆಮ್ಮು ನನಗೇ ಕೇಳಿಸಲಿಲ್ಲ. ಕಾರಿನ ಹಿಂದಿನ ಬಾಗಿಲ ಗಾಜು ಪೂರ್ತಿ ಬೆಳ್ಳಗಾಗಿತ್ತು. ಬೂಷ್ಟೇ ಇರಬೇಕೆಂದು ನೋಡಿದೆ. ಅಲ್ಲ, ಅದು ಒಳಗಿನಿಂದ ಹಿಡಿದ ಉಸಿರಿನ ಮಂಜು.

ಆ ಮಂಜಿನಲ್ಲಿ ಒಂದು ಚುಕ್ಕೆ ಮೂಡಿತು. ಅದರ ಪಕ್ಕಕ್ಕೆ ಇನ್ನೊಂದು. ಒಳಗಿನಿಂದ ಒಂದು ಬೆರಳ ತುದಿ ಗಾಜಿಗೆ ತಾಗುತ್ತಿತ್ತು, ಸರಿಯುತ್ತಿತ್ತು, ಮತ್ತೆ ತಾಗುತ್ತಿತ್ತು. ಯಾವ ಅವಸರವೂ ಇರಲಿಲ್ಲ ಅದಕ್ಕೆ. ಚುಕ್ಕೆಗಳ ಒಂದು ಸಾಲು ಮುಗಿದು ಕೆಳಗೆ ಎರಡನೆಯದು ಶುರುವಾಯಿತು. ಕೂಗಿದೆನಂತೆ. ಗಾಜಿನ ಮೇಲೆ ಅಂಗೈಯೊಂದು ಬಂದು ಚುಕ್ಕೆಗಳನ್ನೆಲ್ಲ ಅಳಿಸಿತು, ಅಳಿಸಿದ ಜಾಗದಲ್ಲಿ ಕಾಕುವಿನ ಮುಖ ಕಂಡಿತು.

ಅವಳು ಬಾಗಿಲು ತೆರೆದು, "ಹೆದರಿದೇನೋ? ಒಳಗ ಬಾ. ತಗದಿಟ್ಟರ ಎರಚಲಾ ಬರತದ" ಎಂದಳು. ನಾನು ಮುಂದಿನ ಸೀಟಿಗೆ ಹೋಗಿ ಕೂತೆ. ಹರಳೆಣ್ಣೆ ಪ್ಯಾಂಟಿಗೆ ಅಂಟಿತು. ಹಿಂದೆ ತಿರುಗಿ ನೋಡಿದೆ. ಕಾಕು ಎಡಕ್ಕೆ, ತಲೆ ಹಿಂದಕ್ಕೆ ಆನಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಕಾಲ ಬಳಿ ಇದ್ದಲಿಯ ಬುಟ್ಟಿ. ಮನೆಯಲ್ಲಿದ್ದ ಬುಟ್ಟಿಗಳಲ್ಲೆಲ್ಲ ಸಣ್ಣದು ಅದು. ದಿನವೂ ಇದ್ದಲಿಗೆ ಬರಬೇಕಾಗಲಿ ಎಂದೇ ಅವಳು ಅದನ್ನು ಆರಿಸಿಕೊಂಡಿದ್ದಳೆಂದು ಈಗ ತಿಳಿಯಿತು.

"ದಿನಾ ಇಲ್ಲೆ ಬರತೀಯೇನು?"

"ಮಳಿಗಾಲದಾಗ. ಗಾಡಿ ಹೊರಗ ಹೋಗೂದಿಲ್ಲಲ್ಲ ಆವಾಗ."

"ಇದರಾಗ ಕೂತು ಏನ ಮಾಡತೀ, ಕಾಕು?"

"ಕೂಡತೀನಿ." ಅವಳು ನಕ್ಕಳು. "ಮನ್ಯಾಗ ನಾ ಕೂತೆ ಅಂದರ ಯಾರಿಗೋ ಒಬ್ಬರಿಗೆ ಚಹಾ ನೆನಪಾಗತದ. ಇಲ್ಲೆ ಯಾರೂ ಏನೂ ಬೇಡೂದಿಲ್ಲ. ಸುಮ್ಮನ ಕೂತು ಕೂತು ಕೈಗೆ ಬ್ಯಾಸರಾದರ ಚುಕ್ಕಿ ಇಡತೀನಿ. ಎಷ್ಟ ದೊಡ್ಡದು ಹಾಕಿದರೂ ಯಾರೂ ತುಳಿಯೂದಿಲ್ಲ."

ಚಹಾಕ್ಕೆಂದೇ ಬಂದಿದ್ದ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಮಳೆಯ ಸದ್ದು ಕೇಳುತ್ತ ಕೂತೆವು. ನಿಜ ಹೇಳಬೇಕೆಂದರೆ ಅಲ್ಲಿ ಕೂಡುವುದು ಚೆನ್ನಾಗಿತ್ತು. ಹುಳಿ ವಾಸನೆಗೆ ಮೂಗು ಬೇಗ ಒಗ್ಗುತ್ತದೆ.

"ಕಾಕಾ ಮಾರತೀನಿ ಅಂತಾರಲ್ಲ?" ಎಂದೆ.

"ಮಾರಲಿ. ಗಾಡಿ ಅವರದು." ಮುಂದಿನ ಸೀಟಿನ ಬೆನ್ನಿನ ಮೇಲಿದ್ದ ಆಮೆಯ ಬಾಲವನ್ನು ಅವಳು ಬೆರಳಿನಿಂದ ತಿದ್ದಿದಳು. ಆಮೇಲೆ ಹೇಳಿದಳು, "ಮಾರಿದ ಮ್ಯಾಲೆ ನಾ ಎಲ್ಲೆ ಕೂಡ್ಲಿ ಅಂತ ಒಂದ ವಿಚಾರ ಬರತದ, ಅಷ್ಟ."

"ನಾ ಹೇಳ್ಲೇನು ಅವರಿಗೆ?"

"ಬ್ಯಾಡ. ಹೇಳಿದರ ಅವರು ಮಂದಿಗೆ ಬರಬ್ಯಾಡ್ರಿ ಅಂತಾರ. ಅಂದಮ್ಯಾಲೆ ಹೊರಳಾಡಿ ಹೊರಳಾಡಿ ನಿದ್ದಿ ಬಿಡತಾರ. ಅವರ ಸ್ವಭಾವ ನನಗ ಗೊತ್ತದ. ಮತ್ತ ಮೊದಲ ನೀನ ಎಲ್ಲೆ ಹೋಗಾಂವಾ?" ಎಂದು ನನ್ನ ತಲೆಯ ಮೇಲಿದ್ದ ಗೋಣಿಚೀಲವನ್ನು ತೆಗೆದು ಮಡಿಸಿಟ್ಟಳು. "ಆಣಿ ಮಾಡು, ಹೇಳೂದಿಲ್ಲಂತ." ಆಣೆ ಮಾಡಿದೆ. ಅವಳು ಎದ್ದು ಬುಟ್ಟಿ ತುಂಬಿಕೊಂಡಳು. ಚಹಾ ಮಾಡಲು ಹೋದಳೆಂದು ಬೇರೆ ಹೇಳಬೇಕಿಲ್ಲ.

ನನ್ನ ಫಜೀತಿ ನಿಮಗೆ ಅರ್ಥವಾಗಬೇಕು. ಕಾರನ್ನು ಚೊಕ್ಕ ಮಾಡಿದರೆ ಭಂಗಾರದವನು ಸಂತೋಷದಿಂದ ಒಯ್ಯುತ್ತಾನೆ. ಚೊಕ್ಕ ಮಾಡದಿದ್ದರೆ ದೆವ್ವ ಉಳಿಯುತ್ತದೆ, ದೆವ್ವ ಉಳಿದರೆ ಕಾಕಾ ಗಾಡಿ ಉಳಿಸುವುದಿಲ್ಲ. ಬಾಯಿ ಬಿಡುವ ಹಾಗಿಲ್ಲ. ನವಮಿಯ ಹಿಂದಿನ ದಿನ ಕಾಕಾ ಕಾರ್ಖಾನೆಗೆ ಹೋಗುವಾಗ, "ಎಲ್ಲಾ ಒರಸಿಡು" ಎಂದು ನನಗೆ ಹೇಳಿ ಹೋದರು. ರಜೆ ಹಾಕಿ ಒರೆಸಲು ನಿಂತೆ. ಸೀಟು ಒರೆಸಿದೆ, ಬಾಗಿಲು ಒರೆಸಿದೆ, ಸ್ಟೀರಿಂಗು, ಗಾಜು, ಮೇಲಿನ ಬಟ್ಟೆ ಎಲ್ಲ ಮುಗಿಸಿದೆ. ಎಡಗಡೆ ಕೂತವರ ಗುರುತೂ ಹೋಯಿತು. ಮುಂದಿನ ಸೀಟಿನ ಬೆನ್ನಿಗೆ ಬಂದಾಗ ಸಿರ್ಕಾದ ಬಟ್ಟೆ ಹಿಂಡಿ ಬಕೆಟ್ಟಿನಲ್ಲಿ ಹಾಕಿದೆ. ಇಡೀ ಕಾರು ಮಿಂಚುತ್ತಿತ್ತು, ಅದೊಂದು ಜಾಗದಲ್ಲಿ ಬೆಳ್ಳಗೆ ಬೂಷ್ಟು, ಬೂಷ್ಟಿನ ಮೇಲೆ ಕಮಲಗಳು ಮತ್ತು ಆಮೆ. ಆಣೆ ಮಾಡಿದ್ದು ಹೇಳುವುದಿಲ್ಲವೆಂದು. ಒರೆಸುತ್ತೇನೆಂದು ಅಲ್ಲ.

ನವಮಿಯ ಬೆಳಿಗ್ಗೆ ಕಾಕಾ ಮಡಿಯುಟ್ಟು, ಕುಂಕುಮದ ಬಟ್ಟಲು, ಚೆಂಡುಹೂವಿನ ಮಾಲೆ ಹಿಡಿದು ಶೆಡ್ಡಿಗೆ ಬಂದರು. ಭಂಗಾರದವನು ಅಂಗಳದಲ್ಲಿ ಬೀಡಿ ಸೇದುತ್ತ ಕಾಯುತ್ತಿದ್ದ. ಕಾಕಾ ಸ್ಟೀರಿಂಗಿಗೆ ಕುಂಕುಮ ಹಚ್ಚಿದರು, ಮುಂದಿನ ದೀಪಗಳಿಗೆ ಹಚ್ಚಿದರು. ಒಳಗೂ ಹಚ್ಚೋಣವೆಂದು ಹಿಂದಿನ ಬಾಗಿಲು ತೆರೆದು ಬಗ್ಗಿದರು. ಬಗ್ಗಿದವರು ಏಳಲಿಲ್ಲ. "ಇದನ್ನ ಬಿಟ್ಟೀಯಲ್ಲೋ" ಎಂದು ಬಟ್ಟೆಗೆ ಕೈ ಚಾಚಿದರು. ನಾನು ಬಟ್ಟೆ ಕೊಡಲಿಲ್ಲ. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಸೀಟಿನ ಬೆನ್ನನ್ನು ನೋಡಿದರು. ಮುಂಬಯಿಯಿಂದ ರಜೆಗೆ ಬಂದು ಅವರು ನಮ್ಮ ಎದುರುಮನೆಗೆ ಹೆಣ್ಣು ನೋಡಲು ಹೋದಾಗ ಅದೇ ಆಮೆಯನ್ನು ಬಳಸಿ ದಾಟಿ ಒಳಗೆ ಹೋಗಿದ್ದರೆಂಬುದು ನನಗೆ ನೆನಪಿತ್ತು. ಕಟ್ಟೆಯ ಮೇಲೆ ಕೂತು ನೋಡಿ ನಕ್ಕವರಲ್ಲಿ ನಾನೂ ಒಬ್ಬ.

ಅವರು ಅಲ್ಲಿಂದ ಎಡಗಡೆಯ ಖಾಲಿ ಸೀಟಿನತ್ತ ನೋಡಿದರು. ಮೂಲೆಯ ಇದ್ದಲಿ ಚೀಲವನ್ನು ನೋಡಿದರು. ಹಿತ್ತಲ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಕಾಕುವಿನ ಕಡೆ ಮಾತ್ರ ನೋಡಲಿಲ್ಲ. ಅವರ ಕೈಯಲ್ಲಿದ್ದ ಕುಂಕುಮ ಧೋತರದ ಮೇಲೆ ಚೆಲ್ಲುತ್ತಿತ್ತು. ಹೊರಗೆ ಹೋಗಿ ಭಂಗಾರದವನಿಗೆ, "ನಹೀಂ ಬೇಚನೇ ಕಾ. ಘರ್ ಮೇ ಪೂಛಾ ನಹೀಂ ಥಾ" ಎಂದರು. ಅವನು ಗೊಣಗುತ್ತ ಹೊರಟುಹೋದ. ಮನೆಯಲ್ಲಿ ಕೇಳಿರಲಿಲ್ಲ ಎಂದು ಕಾಕಾ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ಹಿಂದಿಯಲ್ಲಿ.

ಅಂದು ಸಂಜೆ ಕಾಕಾ ಶೆಡ್ಡಿನ ಬಾಗಿಲಿಗೆ ಒಂದು ಚಿಲಕ ಬಡಿದರು, ಒಳಗಡೆಯಿಂದ. ಒಳಗಿನ ಚಿಲಕ ಯಾರಿಗೆ, ದೆವ್ವಕ್ಕೇ ಎಂದು ಸಾವಂತ ಮಾವಶಿ ಕೇಳಿದಳು. ಅದಕ್ಕೂ ಒಂದಿಷ್ಟು ಮರ್ಯಾದೆ ಬೇಡವೇ ಎಂದು ಕಾಕಾ ಮರಾಠಿಯಲ್ಲಿ ಉತ್ತರ ಕೊಟ್ಟರು. ರಜೆಯ ದಿನಗಳಲ್ಲಿ ಮಧ್ಯಾಹ್ನದ ಚಹಾ ನಾನೇ ಮಾಡಬೇಕೆಂದು ಅಪ್ಪಣೆಯಾಯಿತು, ಉಳಿದ ದಿನ ಯಾರಿಗೆ ಬೇಕೋ ಅವರೇ ಮಾಡಿಕೊಳ್ಳಬೇಕೆಂದು. ಯಾಕೆಂದು ಯಾರೂ ಕೇಳಲಿಲ್ಲ. ನನ್ನ ಚಹಾ ಕುಡಿದು ಒಂದಿಬ್ಬರು ಊರಿಗೆ ಬೇಗ ಹೊರಟರೆಂಬುದು ನನ್ನ ಹೆಮ್ಮೆ. ಕಾಕಾ ಕಾಕು ಈ ವಿಷಯ ತಮ್ಮೊಳಗೆ ಎಂದಾದರೂ ಮಾತಾಡಿದರೋ ಇಲ್ಲವೋ ನನಗೆ ತಿಳಿಯದು.

ಮರುವರ್ಷ ಆಫೀಸಿನ ಗೆಳೆಯನೊಬ್ಬ ಹೇಳಿದ, ಮುಂಬಯಿಯ ತಂಪಿನಲ್ಲಿ ಚರ್ಮಕ್ಕೆ ಹರಳೆಣ್ಣೆ ಹಚ್ಚಿದರೆ ಬೂಷ್ಟಿಗೆ ಹಬ್ಬದೂಟ ಬಡಿಸಿದಂತೆ ಎಂದು. ಓಡಿಬಂದು ಕಾಕಾನಿಗೆ ಹೇಳಿದೆ. ಅವರು ಧೋತರ ಮೇಲೆ ಕಟ್ಟಿಕೊಂಡು ಬಾಟಲಿಯ ಬೂಚು ತೆಗೆಯುತ್ತಿದ್ದರು. "ಗೊತ್ತದ" ಎಂದರು. ಮುಂದಿನ ಸೀಟಿನ ಬೆನ್ನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಎಣ್ಣೆ ತಿಕ್ಕಿದರು. ಆ ಮೇಲೆ ಪ್ರತಿ ವರ್ಷ ಮಿರಗದ ಮಳೆಗೆ ಮೊದಲು ತಿಕ್ಕುತ್ತಿದ್ದರು. ಪ್ರತಿ ವರ್ಷ ನವಮಿಗೆ ನಾವು ಬಾಗಿಲು ತೆರೆದು ಮೊದಲು ನೋಡುತ್ತಿದ್ದೆವು. ಒಂದು ವರ್ಷ ನವಿಲಿತ್ತು. ಒಂದು ವರ್ಷ ಶಂಖ. ಆಮೆ ಯಾವಾಗಲೂ ನಡುವೆ. ನೋಡಿದ ಮೇಲೆ ಒರೆಸುತ್ತಿದ್ದೆವು.

ನನ್ನ ಮದುವೆ ನಿಶ್ಚಯವಾದ ವರ್ಷ, ಬೇಸಿಗೆಯಲ್ಲಿ, ಕಾಕು ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು. ಊರಿನಿಂದ ಬಹಳ ಮಂದಿ ಬಂದರು. ಎಲ್ಲರೂ ಅವಳ ಅಡುಗೆಯನ್ನು ನೆನೆದರು. ಮಳೆಗೆ ಮೊದಲು ಕಾಕಾ ಯಾರೊಂದಿಗೂ ಮಾತಾಡದೆ ಶೆಡ್ಡಿಗೆ ಹೋಗಿ ಸೀಟುಗಳಿಗೆ ಹರಳೆಣ್ಣೆ ಹಚ್ಚಿ ಬಂದದ್ದನ್ನು ನಾನು ಕಂಡೆ.

ನವಮಿಗೆ ಇಬ್ಬರೂ ಹೋಗಿ ಬಾಗಿಲು ತೆರೆದೆವು. ಒಳಗಿನಿಂದ ಬಂದ ಗಾಳಿ ತಣ್ಣಗಿತ್ತು. ಬೂಷ್ಟು ಎಲ್ಲ ಕಡೆ ಒಂದೇ ಸಮನಾಗಿ ಬೆಳೆದಿತ್ತು. ಎಡಗಡೆಯ ಸೀಟಿನ ಮೇಲೂ ಬೆಳೆದಿತ್ತು. ಮುಂದಿನ ಸೀಟಿನ ಬೆನ್ನು ಬೆಳ್ಳಗೆ ಬೋಳಾಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಅಷ್ಟು ವರ್ಷ ಆ ಕಾರಿಗೆ ಹೆದರಿದವನು ನಾನು. ನಿಜವಾದ ಹೆದರಿಕೆ ಯಾವುದೆಂದು ನನಗೆ ಅಂದು ಗೊತ್ತಾಯಿತು. ಬಾಗಿಲು ಹಿಡಿದು ನಿಂತೆ.

ನಾನು ಬಟ್ಟೆಯನ್ನು ಸಿರ್ಕಾದಲ್ಲಿ ಅದ್ದಿದೆ. ಕಾಕಾ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. "ನೀ ಹೋಗು. ಬಂದವರಿಗೆ ಚಹಾ ಮಾಡು" ಎಂದರು.

ನಾನು ಅಂಗಳಕ್ಕೆ ಬಂದೆ. ನನ್ನ ಹಿಂದೆ ಶೆಡ್ಡಿನ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.